ರಾಣಿ ಹೀಗೆ ಅಳುವುದಿಲ್ಲ

ನಮ್ಮ ಯಜಮಾನರು ರಷ್ಯಾದ ಮಹಾರಾಣಿಯೊಬ್ಬಳ ಮೇಲೆ ಬರೆದ ಐತಿಹಾಸಿಕ ಕಾದಂಬರಿ ಚೆನ್ನಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಂಡ ಬರೆದದ್ದಲ್ಲವೇ, ಹೇಗಿದ್ದರೂ ಕೊನೆಗೆ ಕರಗಿ ಹೊಗಳುತ್ತಾಳೆ ಎಂದು ಯಾರೂ ಕಾಯುವುದು ಬೇಡ. ಮುನ್ನೂರು ಚಿಲ್ಲರೆ ಪುಟಗಳನ್ನು ಒಂದಕ್ಷರ ಬಿಡದೆ ಓದಿದ್ದೇನೆ. ಕೆಲವು ಪುಟಗಳನ್ನು ಮತ್ತೆ ಮತ್ತೆ ಓದಿದ್ದೇನೆ, ಓದಿ ಎದೆ ಹಿಡಿದುಕೊಂಡು ಕೂತಿದ್ದೇನೆ. ಆದರೂ ಚೆನ್ನಾಗಿಲ್ಲ.

ಅವರು ಚಿಂತಾಮಣಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ನಮ್ಮದು ಶಿಡ್ಲಘಟ್ಟ ತಾಲ್ಲೂಕು, ಸಾದಲಿ ಹತ್ತಿರದ ಹಳ್ಳಿ. ಬೆಳಿಗ್ಗೆ ಏಳರ ಬಸ್ಸು ಹತ್ತಿದರೆ ವಾಪಸಾಗುತ್ತಿದ್ದದ್ದು ಸಂಜೆಗೆ. ಯುರೋಪಿನ ಇತಿಹಾಸ ಎಂದರೆ ಅವರಿಗೆ ಪ್ರಾಣ. ಅದರಲ್ಲೂ ಗಂಡನನ್ನು ಸಿಂಹಾಸನದಿಂದ ಇಳಿಸಿ ತಾನು ಹತ್ತಿ ಕೂತ ಆ ರಾಣಿಯ ವಿಷಯ ಬಂದರೆ ಒಂದು ಗಂಟೆಯ ಪಾಠವನ್ನು ಮೂರು ದಿನ ಎಳೆಯುತ್ತಿದ್ದರಂತೆ. ಹಳೆಯ ವಿದ್ಯಾರ್ಥಿಗಳು ಮದುವೆ ಮನೆಗಳಲ್ಲಿ ಸಿಕ್ಕಾಗ ನನ್ನೆದುರೇ ಅದನ್ನು ಹೇಳಿ ನಗುತ್ತಾರೆ. ನಿವೃತ್ತಿಯಾದ ಮೇಲೆ ನಾಲ್ಕು ವರ್ಷ ಹಜಾರದ ಮೇಜಿನ ಮುಂದೆ ಕೂತು ಆ ರಾಣಿಯ ಮೇಲೆ ಬರೆದರು. ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಚಿಕ್ಕಬಳ್ಳಾಪುರದ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡು ಬಂದು, ನಾನು ಕಾಳು ಬಿಡಿಸುತ್ತಿದ್ದ ಮೊರದ ಪಕ್ಕದಲ್ಲಿ ಇಟ್ಟರು.

“ಓದೇ. ನೀನು ಹೂಂ ಅಂದ್ರೆ ಪ್ರೆಸ್ಸಿಗೆ ಕೊಡ್ತೀನಿ. ಇಲ್ಲಾಂದ್ರೆ ಇಲ್ಲ.”

“ಚೆನ್ನಾಗಿಲ್ಲ ಅಂತಾನೂ ಹೇಳ್ಬೋದಾ?”

“ಅದಕ್ಕೇ ಅಲ್ವೇನೇ ನಿನಗೆ ಕೊಟ್ಟಿದ್ದು. ಪೆನ್ಸಿಲ್ ಇಟ್ಕೋ. ಏನನ್ಸುತ್ತೋ ಪಕ್ಕದಲ್ಲಿ ಬರಿ.”

ನಾನು ಓದಿರುವುದು ಪಿಯುಸಿಯವರೆಗೆ. ಅಪ್ಪ ಗೌರಿಬಿದನೂರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು, ನಾವಿದ್ದದ್ದು ಮಂಚೇನಹಳ್ಳಿಯಲ್ಲಿ. ಅಲ್ಲಿನ ಲೈಬ್ರರಿಯ ಕಾದಂಬರಿಗಳನ್ನೆಲ್ಲ ಮುಗಿಸಿ, ಬೇರೇನೂ ಉಳಿಯದೆ ಹೋಮಿಯೋಪತಿ ಪುಸ್ತಕವನ್ನೂ ಓದಿದವಳು ನಾನು. ಕಥೆಯಲ್ಲಿ ಸುಳ್ಳು ಬಂದರೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ನನಗೆ ಗೊತ್ತಾಗುತ್ತದೆ. ಯಜಮಾನರಿಗೆ ಇದು ಗೊತ್ತು. ನನ್ನ ಬಾಯಿ ಜೋರು ಎನ್ನುವುದು ಊರಿಗೇ ಗೊತ್ತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ನನ್ನಿಂದ ಏನನ್ನೂ ಕೇಳಿದವರಲ್ಲ, ಒಂದು ಲೋಟ ಕಾಫಿಯನ್ನು ಕೂಡ ಬಾಯಿಬಿಟ್ಟು ಕೇಳುವುದಿಲ್ಲ. ಹಾಗಾಗಿ ಅವತ್ತು ಸಂತೋಷವಾಯಿತು, ಜೊತೆಗೆ ಹೆದರಿಕೆಯೂ ಆಯಿತು. ನಾನು ಬೇಡ ಎಂದರೆ ನಾಲ್ಕು ವರ್ಷದ ದುಡಿಮೆ ಅಟ್ಟ ಸೇರುತ್ತದೆ. ಅಷ್ಟು ದೊಡ್ಡ ಅಧಿಕಾರವನ್ನು ನನ್ನ ಕೈಗೇ ಏಕೆ ಕೊಟ್ಟರು ಎಂದು ಆಗ ಯೋಚಿಸಲಿಲ್ಲ.

ಅಧಿಕಾರ ನನಗೆ ಹೊಸದೇನಲ್ಲ. ಮಾವನವರು ತೀರಿಕೊಂಡ ಮೇಲೆ ಹಿಪ್ಪುನೇರಳೆ ತೋಟ, ಹಿತ್ತಲಿನ ಆಚೆಗಿರುವ ರೇಷ್ಮೆ ಹುಳದ ಮನೆ ಎರಡನ್ನೂ ನೋಡಿಕೊಂಡು ಬಂದವಳು ನಾನೇ. ಯಾವ ಸಾಲಿನ ಸೊಪ್ಪು ಯಾವತ್ತು ಕೊಯ್ಯಬೇಕು, ಯಾರನ್ನು ಕೆಲಸಕ್ಕೆ ಕರೆಯಬೇಕು, ಗೂಡು ಯಾವತ್ತು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಬೇಕು, ಎಲ್ಲವೂ ನಾನು ಹೇಳಿದಂತೆ. ಆ ವಾರವೇ ಎರಡನೇ ಜ್ವರ ಎದ್ದ ಮರಿಹುಳ ತಂದು ತಟ್ಟೆಗೆ ಬಿಟ್ಟಿದ್ದೆ. ನಮ್ಮ ಕಡೆ ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ದಾಟಿದರೆ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ಬೆಳಗಿನ ಸೊಪ್ಪು ಹಾಕಿ, ಅಡುಗೆ ಮುಗಿಸಿ, ಮಧ್ಯಾಹ್ನದ ಸೊಪ್ಪಿನವರೆಗೆ ಸಿಗುತ್ತಿದ್ದ ಹೊತ್ತಿನಲ್ಲಿ ರಷ್ಯಾಕ್ಕೆ ಹೋಗಿ ಬರುತ್ತಿದ್ದೆ.

ಮೊದಲ ಅಧ್ಯಾಯದಲ್ಲೇ ಕಲ್ಲು ಸಿಕ್ಕಿತು. ಮುದಿ ರಾಣಿ ಒಬ್ಬಳೇ ಹಿಮದಲ್ಲಿ ನಡೆದುಕೊಂಡು ಗಂಡನ ಸಮಾಧಿಗೆ ಹೋಗುತ್ತಾಳೆ. ಆ ಕಲ್ಲಿನ ಮೇಲೆ ಬಿದ್ದು ಹೊರಳಿ ಹೊರಳಿ ಅಳುತ್ತಾಳೆ. ಕ್ಷಮಿಸು ಪ್ರಭೂ, ಕ್ಷಮಿಸು, ನಾನು ಪಾಪಿ. ಹೀಗೆ ಹದಿನಾಲ್ಕು ಪುಟ. ಯಾವ ತಪ್ಪಿಗೆ ಎಂದು ಮಾತ್ರ ಹೇಳುವುದಿಲ್ಲ. ಅವಳ ಕಣ್ಣೀರು ಕಪೋಲದ ಮೇಲೆ ಹೆಪ್ಪುಗಟ್ಟುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಗಂಡನನ್ನು ಇಳಿಸಿ ಅಷ್ಟು ದೊಡ್ಡ ದೇಶವನ್ನು ಆಳಿದ ಹೆಂಗಸು ಹೀಗೆ ನಮ್ಮ ಪೌರಾಣಿಕ ನಾಟಕದ ರಾಣಿಯ ಹಾಗೆ ಎದೆ ಬಡಿದುಕೊಳ್ಳುತ್ತಾಳೆಯೇ? ನನಗೆ ರೇಗಿಹೋಯಿತು. ಪೆನ್ಸಿಲ್ ಒತ್ತಿ ಬರೆದೆ: ನಂಬಕ್ಕಾಗಲ್ಲ. ಇಂಥವಳು ಹೀಗೆ ಅಳಲ್ಲ. ಈ ಅಧ್ಯಾಯವೇ ಬೇಡ.

ಮುಂದಿನ ಅಧ್ಯಾಯಗಳಲ್ಲಿ ರಾಣಿಯ ಪ್ರಾಯದ ದಿನಗಳು. ಅಲ್ಲಂತೂ ಅವಳು ಮನುಷ್ಯಳೇ ಅಲ್ಲ. ಬಂದರೆ ಕಣ್ಣಲ್ಲಿ ಕಿಡಿ, ಹೋದರೆ ಕಣ್ಣಲ್ಲಿ ಕಿಡಿ. ನಾಲ್ಕು ಗಂಟೆಗೆ ಏಳುತ್ತಾಳೆ, ಆಜ್ಞೆ ಕೊಡುತ್ತಾಳೆ, ಮಂತ್ರಿಗಳು ಕಾಲೇಜಿನ ಸ್ಟಾಫ್ ಮೀಟಿಂಗಿನಲ್ಲಿ ಕೂತವರ ಹಾಗೆ ತಲೆಯಾಡಿಸುತ್ತಾರೆ. ಅವಳಿಗೆ ಹಸಿವಾಗುವುದಿಲ್ಲ, ಸೊಂಟ ನೋಯುವುದಿಲ್ಲ, ಒಂದು ಸಲವೂ ಬಿದ್ದು ಬಿದ್ದು ನಗುವುದಿಲ್ಲ. ಅವಳ ತಲೆಯೊಳಗೆ ಏನು ಓಡುತ್ತಿದೆ ಎಂದು ಬರೆದವರಿಗೂ ಗೊತ್ತಿದ್ದಂತಿಲ್ಲ. ಜೀವ ಇರುವುದೆಲ್ಲ ಆ ಗಂಡನಿಗೆ. ಊರಾಚೆಯ ಬಂಗಲೆಯೊಂದರಲ್ಲಿ ಅವನನ್ನು ಇಟ್ಟಿದ್ದಾರೆ. ಅವನು ತನ್ನ ಷರಟಿನ ಗುಂಡಿ ತಾನೇ ಹೊಲಿದುಕೊಳ್ಳುತ್ತಾನೆ, ತಣ್ಣಗಾದ ಗಂಜಿ ಕುಡಿಯುತ್ತಾನೆ, ಯಾರಾದರೂ ಬಂದರೇನೋ ಎಂದು ಬಾಗಿಲ ಸದ್ದಿಗೆ ಕಿವಿಗೊಡುತ್ತಾನೆ. ಅವನ ಪುಟಗಳು ಬಂದಾಗ ನಾನು ಪೆನ್ಸಿಲ್ ಮರೆತುಬಿಡುತ್ತಿದ್ದೆ.

ಆದರೆ ಆ ರಾಜನನ್ನು ಇವರು ಹದಿನೆಂಟು ವರ್ಷ ಬದುಕಿಸಿದ್ದರು. ಇಳಿಸಿದ ಕೆಲವೇ ದಿನಗಳಲ್ಲಿ ಅವನು ಸತ್ತ ಎಂದು ನನಗೇ ಇವರು ಎಷ್ಟೋ ಸಲ ಹೇಳಿದ್ದಾರೆ. ವಿದ್ಯಾರ್ಥಿಗಳು ಇಸವಿ ತಪ್ಪಿದರೆ ಅರ್ಧ ಮಾರ್ಕು ಬಿಡದ ಮನುಷ್ಯ! ಪಕ್ಕದಲ್ಲಿ ಬರೆದೆ: ಇತಿಹಾಸ ಓದಿದವರು ನಗ್ತಾರೆ. ಇನ್ನೊಂದು ಕಡೆ, ರಾಜನನ್ನು ವರ್ಷಕ್ಕೊಮ್ಮೆ ಅರಮನೆಗೆ ಕರೆತಂದಾಗ, ಮುಚ್ಚಿದ ಅಂತಃಪುರದ ಒಳಗಿನಿಂದ ಸಣ್ಣ ಮಳೆಯ ಸದ್ದು ಕೇಳಿಸುತ್ತದೆ. ಅವನು ಹೊರಗೆ ನಿಂತು ಅದನ್ನೇ ಕೇಳುತ್ತಾನೆ. ಮೂರು ಸಲ ಇದು ಬಂತು. ಮೂರನೇ ಸಲಕ್ಕೆ ಬರೆದೆ: ಕೋಣೆ ಒಳಗೆ ಮಳೆ ಎಲ್ಲಿಂದ ಬಂತು? ಅದೂ ಹಿಮ ಬೀಳೋ ಕಾಲದಲ್ಲಿ?

ನಾನು ಸೊಪ್ಪು ಹಾಕಲು ಹೋದಾಗ ಅವರು ಪುಸ್ತಕ ತೆಗೆದು ನಾನು ಗೀಚಿದ್ದನ್ನು ನೋಡುತ್ತಿದ್ದರು. ಒಂದು ದಿನ ಹಿತ್ತಲ ಬಾಗಿಲಿನಿಂದ ಕಂಡೆ. ಮೊದಲ ಅಧ್ಯಾಯದ ಆ ಪುಟವನ್ನು ಬಿಡಿಸಿಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಸಾವಿರಾರು ಹುಡುಗರ ಉತ್ತರ ಪತ್ರಿಕೆ ತಿದ್ದಿದವರನ್ನು ನಾನು ತಿದ್ದುತ್ತಿದ್ದೇನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹುಳ ನಾಲ್ಕನೇ ಜ್ವರಕ್ಕೆ ಕೂತ ದಿನ ನಾನು ನಡುವಿನ ಅಧ್ಯಾಯಗಳಲ್ಲಿದ್ದೆ. ಜ್ವರದ ದಿನ ಹುಳಕ್ಕೆ ಸೊಪ್ಪು ಹಾಕುವಂತಿಲ್ಲ, ಕೈಗೆ ಬಿಡುವು. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕೆ ಬರುವ ಹೆಂಗಸು ಹಿತ್ತಲಲ್ಲಿ ಕೂತು ಚಂದ್ರಿಕೆ ಕೊಡವಿ ಚೊಕ್ಕ ಮಾಡುತ್ತಿದ್ದಳು. ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ ಅದು. ನಾನು ಪಕ್ಕದ ಕಲ್ಲಿನ ಮೇಲೆ ಕೂತು ಓದುತ್ತಿದ್ದೆ. ರಾಜನನ್ನು ಅರಮನೆಗೆ ಕರೆತಂದ ಸಂದರ್ಭ. ಅಂತಃಪುರದ ಹೊಸ್ತಿಲಲ್ಲಿ ಅಗಲವಾದ ತಟ್ಟೆಯಲ್ಲಿ ಸುಣ್ಣದ ಪುಡಿ ಹಾಕಿದೆ. ಕಾವಲಿನವರು ರಾಜನಿಗೆ ಪಾದರಕ್ಷೆ ಬಿಡಿಸಿ, ಕೈಕಾಲು ತೊಳೆಸಿ, ಸುಣ್ಣ ತುಳಿದು ನಿಲ್ಲಲು ಹೇಳುತ್ತಾರೆ. ಅಷ್ಟಾದರೂ ಒಳಗೆ ಬಿಡುವುದಿಲ್ಲ. ಅವನು ಕಿಟಕಿಗೆ ಹೋಗಿ, ಕಿಟಕಿಗೆ ಹೊಡೆದಿದ್ದ ಬಿಳಿ ನೈಲಾನ್ ಪರದೆಗೆ ಹಣೆ ಒತ್ತಿ ರಾಣಿಯನ್ನು ನೋಡುತ್ತಾನೆ.

ನಕ್ಕು ನಕ್ಕು ನನಗೆ ಕೆಮ್ಮು ಬಂತು. ಇನ್ನೂರೈವತ್ತು ವರ್ಷದ ಹಿಂದಿನ ರಷ್ಯಾದ ಅರಮನೆಗೆ ನೈಲಾನ್ ಪರದೆ! ಕೆಲಸದವಳಿಗೂ ಓದಿ ಹೇಳಿದೆ, ಅವಳೂ ನಗಲಿ ಎಂದು. ಅವಳು ಗಡಿಯ ಕಡೆಯವಳು, ಮಾತು ಅರ್ಧ ತೆಲುಗು.

“ನಗೋದೇನಮ್ಮಾ ಇದ್ರಲ್ಲಿ? ಇದಿ ಮನ ಪುರುಗುಲ ಇಲ್ಲೇ ಕದಾ?” ಎಂದಳು.

ಇದು ನಮ್ಮ ಹುಳದ ಮನೆಯೇ ತಾನೇ, ಎಂದು ಕೇಳಿದಳು ಅವಳು. ಓದು ಬರಹ ಬಾರದ ಹೆಂಗಸಿಗೆ ಒಂದು ಕ್ಷಣದಲ್ಲಿ ಗೊತ್ತಾದದ್ದು ನನಗೆ ಗೊತ್ತಾಗಿರಲಿಲ್ಲ. ತಲೆಯೆತ್ತಿ ನೋಡಿದೆ. ಹತ್ತು ಮಾರು ದೂರದಲ್ಲಿ ನಮ್ಮ ಹುಳದ ಮನೆ. ಬಾಗಿಲಲ್ಲಿ ರೋಗ ಒಳಗೆ ಬಾರದಂತೆ ತುಳಿದು ಬರುವ ಸುಣ್ಣದ ಪುಡಿಯ ತಟ್ಟೆ, ಪಕ್ಕದಲ್ಲಿ ಕೈಕಾಲು ತೊಳೆಯುವ ನಲ್ಲಿ, ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬಾರದಂತೆ ಕಿಟಕಿಗಳಿಗೆ ಹೊಡೆದ ಬಿಳಿ ನೈಲಾನ್ ಪರದೆ. ಒಳಗೆ ಸಾವಿರಾರು ಹುಳ ಒಟ್ಟಿಗೆ ಸೊಪ್ಪು ತಿನ್ನುವಾಗ ಬರುವ ಸದ್ದು ಥೇಟ್ ಸಣ್ಣ ಮಳೆಯದು. ಪೆನ್ಸಿಲ್ ಹಿಡಿದು ನಾನು ಕೇಳಿದ್ದೆನಲ್ಲ, ಕೋಣೆ ಒಳಗೆ ಮಳೆ ಎಲ್ಲಿಂದ ಬಂತು ಎಂದು. ನಗು ನಿಂತುಹೋಯಿತು.

ಹದಿನೆಂಟು ವರ್ಷದ ಹಿಂದಿನ ಮಾತು. ಆಗ ಯಜಮಾನರು ಸಂಜೆ ಬಸ್ಸಿಳಿದು ಬಂದವರೇ, ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು ನೇರ ಹುಳದ ಮನೆಗೆ ಹೋಗುತ್ತಿದ್ದರು. ಮೂಲೆಯಲ್ಲೊಂದು ಸ್ಟೂಲು ಹಾಕಿಕೊಂಡು ಆ ಸದ್ದು ಕೇಳುತ್ತಾ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ನಾನು ಸೊಪ್ಪು ಹಾಕುತ್ತಾ ಓಡಾಡುತ್ತಿದ್ದೆ. ಹುಡುಗರು ಬರೆದ ಅಪದ್ಧಗಳನ್ನು ಓದಿ ಹೇಳುತ್ತಿದ್ದರು, ಇಬ್ಬರೂ ನಗುತ್ತಿದ್ದೆವು. ನಮ್ಮಿಬ್ಬರ ಮಾತುಕತೆಯೆಲ್ಲ ನಡೆಯುತ್ತಿದ್ದದ್ದು ಅಲ್ಲೇ. ಮನೆಯಲ್ಲಿ ಅತ್ತೆ ಇದ್ದರು, ಬಂದು ಹೋಗುವವರಿದ್ದರು. ಹುಳದ ಮನೆಗೆ ಯಾರಂದರೆ ಅವರು ನುಗ್ಗುವಂತಿಲ್ಲವಲ್ಲ, ಅದೊಂದೇ ನಮಗೆ ಸಿಕ್ಕ ಏಕಾಂತ.

ಅವರಿಗೆ ನಶ್ಯದ ಅಭ್ಯಾಸವಿತ್ತು. ಹೊಗೆಸೊಪ್ಪು ರೇಷ್ಮೆ ಹುಳಕ್ಕೆ ವಿಷ, ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಅವರು ಡಬ್ಬಿಯನ್ನು ಹಜಾರದ ಗೋಡೆಯ ಗೂಡಿನಲ್ಲಿಟ್ಟು, ಕೈಗೆ ಸೋಪು ಹಚ್ಚಿ ತೊಳೆದೇ ಒಳಗೆ ಬರುತ್ತಿದ್ದರು. ಒಂದು ಸಲ, ಹುಳ ಹಣ್ಣಾಗಲು ಇನ್ನೆರಡು ದಿನ ಇರುವಾಗ, ಸಂಜೆ ಅವರು ಒಳಗೆ ಬಂದು ಕೂತ ಮೇಲೆ ಹುಳಗಳು ತಲೆ ಎತ್ತಿ ಅಲ್ಲಾಡಿಸತೊಡಗಿದವು. ಹಸಿರು ನೀರು ಕಾರಿಕೊಂಡವು. ಕತ್ತಲಾಗುವ ಮೊದಲು ತಟ್ಟೆಗಳಿಂದ ಉದುರಿ ಉದುರಿ ಬಿದ್ದವು. ಇಡೀ ಬೆಳೆ ಹೋಯಿತು. ಕೆಲಸದವರು, ಅತ್ತೆ, ಸುದ್ದಿ ಕೇಳಿ ಬಂದ ಅಕ್ಕಪಕ್ಕದವರು ಎಲ್ಲ ಬಾಗಿಲಲ್ಲಿ ನಿಂತಿದ್ದರು. ಯಜಮಾನರು ಬಗ್ಗಿ ಸತ್ತ ಹುಳಗಳನ್ನು ಬುಟ್ಟಿಗೆ ತುಂಬುತ್ತಿದ್ದರು. ಬಗ್ಗಿದಾಗ ಅವರ ಷರಟಿನ ಜೇಬಿನಿಂದ ನಶ್ಯದ ಡಬ್ಬಿ ಕೆಳಗೆ ಬಿತ್ತು. ಅವಸರದಲ್ಲಿ ಅವತ್ತು ಗೂಡಿನಲ್ಲಿಡುವುದನ್ನು ಮರೆತಿದ್ದರು.

“ನಿಮ್ಮ ಕೈಯಲ್ಲೇ ವಿಷ ಇದೆ. ಇನ್ನು ಈ ಬಾಗಿಲು ದಾಟ್ಬೇಡಿ” ಎಂದೆ. ಮೆಲ್ಲಗೆ ಹೇಳಲಿಲ್ಲ, ಅಷ್ಟೂ ಜನರ ಎದುರು ಗಂಟಲು ಕಿತ್ತುಹೋಗುವ ಹಾಗೆ ಕಿರುಚಿದೆ. ಅವರು ಬುಟ್ಟಿ ಕೆಳಗಿಟ್ಟರು. ಡಬ್ಬಿಯನ್ನು ತಿಪ್ಪೆಗೆ ಎಸೆದರು. ಅವತ್ತಿನಿಂದ ನಶ್ಯ ಮುಟ್ಟಿಲ್ಲ. ಅವತ್ತಿನಿಂದ ಹುಳದ ಮನೆಗೂ ಕಾಲಿಟ್ಟಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಹದಿನೈದು ದಿನ ಕಳೆದ ಮೇಲೆ ನಮ್ಮ ತೋಟದ ಮೂಡಲ ಮಗ್ಗುಲಿನ ಜಮೀನಿನವನು ಬಂದು, ನಾನೊಬ್ಬಳೇ ಇದ್ದಾಗ ಕೈ ಮುಗಿದ. ತನ್ನ ಟೊಮೇಟೊ ಗಿಡಕ್ಕೆ ಹುಳ ಸಾಯುವ ಹಿಂದಿನ ದಿನ ಔಷಧಿ ಹೊಡೆಸಿದ್ದನಂತೆ. ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತಂತೆ. ನಾವು ಮಾರನೆಯ ದಿನ ಸೊಪ್ಪು ಕೊಯ್ದದ್ದು ಅದೇ ಮಗ್ಗುಲಿನ ಸಾಲುಗಳಲ್ಲಿ. “ಸಾರಿಗೂ ಹೇಳಿ ಹೋಗ್ತೀನಮ್ಮ” ಎಂದ. “ನೀವು ಹೇಳ್ಬೇಡಿ. ನಾನೇ ಹೇಳ್ತೀನಿ” ಎಂದೆ.

ಹೇಳಲಿಲ್ಲ. ಅಷ್ಟು ಜನರ ಎದುರು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದು ಹೇಗೆ ಎಂದು ನನಗೆ ಗೊತ್ತಾಗಲಿಲ್ಲ. ಇವತ್ತು ಹೇಳೋಣ, ಈ ಬೆಳೆ ಮುಗಿಯಲಿ, ಹಬ್ಬ ಕಳೆಯಲಿ ಎಂದುಕೊಂಡೆ. ವರ್ಷ ಕಳೆದ ಮೇಲೆ ಹೇಳದೇ ಇದ್ದದ್ದೇ ಒಂದು ತಪ್ಪಾಗಿ ಬೆಳೆದಿತ್ತು, ಈಗ ಎರಡಕ್ಕೂ ಉತ್ತರ ಕೊಡಬೇಕು. ಇನ್ನೂ ಒಂದು ವಿಷಯವಿದೆ, ಅದನ್ನೂ ಮುಚ್ಚಿಡುವುದಿಲ್ಲ. ಹುಳದ ಮನೆ ನನ್ನೊಬ್ಬಳದೇ ಆದದ್ದು ನನಗೆ ಹಿತವಾಗಿತ್ತು. ತಪ್ಪು ಅವರದು ಎಂದಿದ್ದರೆ ಆ ಮನೆಯೊಳಗೆ ನನ್ನ ಮಾತಿಗೆ ಎದುರಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ನಾನೇ ತೆಗೆದು ಅಟ್ಟಕ್ಕೆ ಹಾಕಿದೆ.

ಅವತ್ತು ಹಿತ್ತಲ ಕಲ್ಲಿನ ಮೇಲೆ ಕೂತು ಉಳಿದ ಪುಟಗಳನ್ನು ಒಂದೇ ಉಸಿರಿಗೆ ಓದಿದೆ. ರಾಜನನ್ನು ಅಷ್ಟು ದೂರ ಇಟ್ಟದ್ದೇಕೆ ಎನ್ನುವುದು ಈಗ ಬಂತು. ರಾಣಿಯ ಲಾಯದ ಕುದುರೆಗಳು ಒಂದೇ ಸಂಜೆಯಲ್ಲಿ ಸತ್ತವು. ರಾಜ ಅವುಗಳ ಮೈ ಸವರುತ್ತಿದ್ದ, ಅವನ ಅಂಗಿಯಲ್ಲಿ ನಶ್ಯದ ಡಬ್ಬಿ ಇತ್ತು. ಸೈನಿಕರೆಲ್ಲರ ಎದುರು ರಾಣಿ ಹೇಳುತ್ತಾಳೆ: ನಿನ್ನ ಕೈಯಲ್ಲೇ ವಿಷವಿದೆ. ಬಂಗಲೆಯಲ್ಲಿ ರಾಜ ದಿನಕ್ಕೆ ಹತ್ತಾರು ಸಲ ಕೈ ತೊಳೆಯುತ್ತಾನೆ. ನೀರು ಹೆಪ್ಪುಗಟ್ಟಿದ ದಿನ ಹಿಮ ತೆಗೆದು ಉಜ್ಜಿಕೊಳ್ಳುತ್ತಾನೆ. ತನ್ನ ಕೈಯನ್ನು ತಾನೇ ಮೂಸಿ ನೋಡುತ್ತಾನೆ. ಊಟಕ್ಕೆ ಕೂರುವ ಮೊದಲು ಇವರು ಅಷ್ಟು ಹೊತ್ತು ಕೈ ತೊಳೆಯುವುದನ್ನು ನೋಡಿ ನಾನು ಎಷ್ಟು ಸಲ ರೇಗಿಸಿದ್ದೇನೆ, ಟ್ಯಾಂಕ್ ಖಾಲಿ ಮಾಡ್ತೀರಾ ಎಂದು.

ಪಾಪ, ಇವರು ಇಷ್ಟು ವರ್ಷ ತಪ್ಪು ತಮ್ಮದೇ ಎಂದುಕೊಂಡು ಬದುಕಿದ್ದಾರೆ ಎಂದು ಅಳು ಬಂತು. ಇವತ್ತೇ ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿಕೊಂಡೆ. ಆಮೇಲೆ ಕೊನೆಯ ಅಧ್ಯಾಯ ತೆಗೆದೆ.

ಕೊನೆಯ ಅಧ್ಯಾಯದಲ್ಲಿ ಕಥೆ ಹಿಂದಕ್ಕೆ ಹೋಗುತ್ತದೆ. ಕುದುರೆಗಳು ಸತ್ತ ಹದಿನೈದನೇ ದಿನ ಪಕ್ಕದ ಹುಲ್ಲುಗಾವಲಿನ ಮುದುಕನೊಬ್ಬ ಬಂದು ರಾಣಿಗೆ ಕೈ ಮುಗಿಯುತ್ತಾನೆ. ಹುಳು ಸಾಯಲೆಂದು ಹುಲ್ಲಿಗೆ ಪುಡಿ ಹಾಕಿಸಿದ್ದೆ, ಅದನ್ನೇ ನಿಮ್ಮ ಕುದುರೆಗಳು ತಿಂದವು, ದೊರೆಗಳಿಗೂ ಹೇಳಿಹೋಗುತ್ತೇನೆ ಎನ್ನುತ್ತಾನೆ. ರಾಣಿ ಹೇಳುತ್ತಾಳೆ: ನೀನು ಹೇಳಬೇಡ. ನಾನೇ ಹೇಳುತ್ತೇನೆ.

ಕಾದಂಬರಿಯ ಕೊನೆಯ ಸಾಲು ಅದೇ. ಇವರಿಗೆ ಗೊತ್ತಿತ್ತು. ಹುಳ ಸತ್ತದ್ದು ಹೇಗೆ ಎನ್ನುವುದೂ ಗೊತ್ತಿತ್ತು, ನನಗೆ ಗೊತ್ತಿದೆ ಎನ್ನುವುದೂ ಗೊತ್ತಿತ್ತು. ಮೊದಲ ಅಧ್ಯಾಯದಲ್ಲಿ ರಾಣಿ ಯಾವ ತಪ್ಪಿಗಾಗಿ ಸಮಾಧಿಯ ಮೇಲೆ ಬಿದ್ದು ಅತ್ತಳು ಎನ್ನುವುದು ನನಗೆ ಆಗ ತಿಳಿಯಿತು. ಅದರ ಪಕ್ಕದಲ್ಲಿ ನಾನು ಬರೆದದ್ದೂ ನೆನಪಾಯಿತು.

ರಬ್ಬರ್ ಹುಡುಕಿದೆ. ಮೊಮ್ಮಗಳು ಬಿಟ್ಟುಹೋದ ಜಾಮಿಟ್ರಿ ಬಾಕ್ಸಿನಲ್ಲಿ ಒಂದು ಚೂರು ಸಿಕ್ಕಿತು. ಅವರು ನೋಡುವ ಮೊದಲು ಅಳಿಸಿಬಿಡಬೇಕು ಎಂದು ಯಾವ ಬುದ್ಧಿಯಿಂದ ಹೊರಟೆನೋ, ಅವರು ಅದನ್ನು ನೋಡಿ ಕೂತದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಪುಸ್ತಕದ ಮೊದಲ ಹಾಳೆ ತಿರುಗಿಸಿದೆ. ಅಧ್ಯಾಯ ಇರಲಿಲ್ಲ. ಹದಿನಾಲ್ಕು ಪುಟಗಳನ್ನೂ ಸ್ಪೈರಲ್ಲಿನಿಂದ ನಾಜೂಕಾಗಿ ಬಿಡಿಸಿ ತೆಗೆದಿದ್ದರು.

ಅವರು ಹಜಾರದಲ್ಲಿ ಪೇಪರ್ ಓದುತ್ತಿದ್ದರು. ನಾನು ಪುಸ್ತಕ ಹಿಡಿದು ಎದುರಿಗೆ ಹೋಗಿ ನಿಂತೆ.

“ಮೊದಲ್ನೇ ಅಧ್ಯಾಯ ಎಲ್ರೀ?”

“ತೆಗೆದುಬಿಟ್ಟೆ ಕಣೇ. ನೀನೇ ಬರ್ದಿದ್ಯಲ್ಲ, ಇಂಥವಳು ಹೀಗೆ ಅಳಲ್ಲ ಅಂತ. ಯೋಚ್ನೆ ಮಾಡ್ದೆ. ನಿಜ ಅನ್ನಿಸ್ತು.” ಪೇಪರಿನಿಂದ ತಲೆಯೆತ್ತದೆಯೇ ಹೇಳಿದರು. ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ತಿರುಗಿ ಏನಾದರೂ ಅಂದು ಬಚಾವಾಗುತ್ತಿದ್ದೆ.

“ನಿಮಗೆ ಯಾವಾಗ ಗೊತ್ತಾಯ್ತು?”

“ಅದೇ ವರ್ಷ. ಟೊಮೇಟೊದವನು ಬಸ್ಸಲ್ಲಿ ಪಕ್ಕದಲ್ಲೇ ಕೂತಿದ್ದ. ನೀವು ಹೇಳ್ಬೇಡಿ, ನಾನೇ ಹೇಳ್ತೀನಿ ಅಂದಿದ್ರು ಅಮ್ಮ, ಹೇಳಿರ್ತಾರಲ್ಲ ಸಾರ್, ಮನಸ್ಸಲ್ಲಿ ಇಟ್ಕೋಬೇಡಿ ಅಂದ. ಹೂಂ, ಹೇಳಿದ್ಲು ಅಂದೆ.”

“ಯಾಕೆ ನನ್ನ ಕೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ. ಕಾಯ್ತಾ ಕಾಯ್ತಾ ಅಭ್ಯಾಸ ಆಗೋಯ್ತು.”

ಎದುರಿನ ಕುರ್ಚಿಯಲ್ಲಿ ಕೂತೆ. ಹದಿನೆಂಟು ವರ್ಷ ಒಂದೇ ಸೂರಿನಡಿ, ಒಂದೇ ಹಾಸಿಗೆಯಲ್ಲಿ, ಒಂದು ಮಾತಿಗೆ ಕಾದ ಮನುಷ್ಯ. ನನ್ನ ಬಾಯಿಂದ ಬಾರದ ಮಾತನ್ನು ರಷ್ಯಾದ ರಾಣಿಯ ಬಾಯಿಂದ ಹದಿನಾಲ್ಕು ಪುಟ ಆಡಿಸಿ, ಓದಿ ಹೇಳು ಎಂದು ನನ್ನ ಕೈಗೇ ತಂದು ಕೊಟ್ಟಿದ್ದರು. ನಂಬಕ್ಕಾಗಲ್ಲ ಎಂದು ನಾನು ಷರಾ ಬರೆದಿದ್ದೆ.

“ಆ ಅಧ್ಯಾಯ ವಾಪಸ್ ಹಾಕಿ” ಎಂದೆ.

“ಬೇಡ. ಅದು ಚೆನ್ನಾಗಿಲ್ಲ.”

“ಚೆನ್ನಾಗಿಲ್ಲ ನಿಜ. ತಿದ್ದಿ ಹಾಕಿ.”

ಅವರು ಪೇಪರ್ ಮಡಿಸಿದರು. ಮೊದಲ ಸಲ ನನ್ನ ಮುಖ ನೋಡಿದರು. “ಹೇಗೆ ತಿದ್ಲಿ? ಅವಳು ಹೇಗೆ ಕೇಳ್ತಾಳೆ ಅಂತ ನನಗೆ ಗೊತ್ತಿಲ್ಲ ಕಣೇ. ನಾನು ನೋಡಿಲ್ಲ.”

ಹಿತ್ತಲಲ್ಲಿ ಕೆಲಸದವಳು ಚಂದ್ರಿಕೆ ಕೊಡವುವ ಸದ್ದು ಕೇಳುತ್ತಿತ್ತು. ನನಗೆ ಅಳು ಬರಲಿಲ್ಲ. ಬರಬೇಕಾಗಿತ್ತು, ಬಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

“ತಪ್ಪಾಯ್ತು ರೀ” ಎಂದೆ. “ನಿಮ್ಮ ಕೈಯಲ್ಲಿ ಏನೂ ಇರಲಿಲ್ಲ. ಗೊತ್ತಿದ್ದೂ ಹೇಳ್ಲಿಲ್ಲ.”

ಅವರು ಇನ್ನೂ ಏನೋ ಬರಲಿದೆ ಎನ್ನುವಂತೆ ನೋಡಿದರು. ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ. ಆಮೇಲೆ ಹೂಂ ಎಂದರು. ಪರವಾಗಿಲ್ಲ ಬಿಡು ಎನ್ನಲಿಲ್ಲ. ಎಂದಿದ್ದರೆ ನಾನು ನಂಬುತ್ತಿರಲಿಲ್ಲ.

ಮಾರನೆಯ ದಿನ ಹುಳ ಜ್ವರದಿಂದ ಎದ್ದವು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ವಿಪರೀತ ಹಸಿವು, ಸೊಪ್ಪು ಬಿದ್ದ ಕೂಡಲೇ ಸದ್ದು ಶುರುವಾಗುತ್ತದೆ. ಮಧ್ಯಾಹ್ನದ ಸೊಪ್ಪು ಹಾಕುವ ಮೊದಲು ಅಟ್ಟದಿಂದ ಸ್ಟೂಲು ಇಳಿಸಿ, ಒರೆಸಿ, ಹಳೆಯ ಮೂಲೆಯಲ್ಲೇ ಹಾಕಿದೆ. ಕೆಲಸದವಳು ನೋಡಿದಳು. ಹಜಾರಕ್ಕೆ ಹೋಗಿ, “ಬನ್ನಿ, ಸೊಪ್ಪು ಹಾಕೋಣ” ಎಂದು ಕರೆದೆ. ಅವಳಿಗೂ ಕೇಳಿಸುವಂತೆ ಜೋರಾಗಿಯೇ ಕರೆದೆ. ಅವರು ಎದ್ದು ಬಂದರು.

ನಾನು ಒಳಗೆ ಹೋಗಿ ಮೊದಲ ತಟ್ಟೆಗೆ ಸೊಪ್ಪು ಹರಡಿದೆ, ಎರಡನೆಯದಕ್ಕೆ ಹರಡಿದೆ. ಮಳೆಯ ಸದ್ದು ಎದ್ದಿತು. ಹೊರಗೆ ನಲ್ಲಿ ಬಿಟ್ಟದ್ದು ಕೇಳಿಸಿತು. ಮೂರನೆಯ ತಟ್ಟೆ ಮುಗಿಸಿ ತಿರುಗಿ ನೋಡಿದೆ, ಅವರು ಬಂದಿರಲಿಲ್ಲ. ಪರದೆಯ ಆಚೆ ನಲ್ಲಿಯ ಮುಂದೆ ಬಗ್ಗಿ ನಿಂತಿದ್ದರು. ಸೋಪು ಹಚ್ಚಿ ತೊಳೆದರು, ಮತ್ತೆ ಹಚ್ಚಿದರು, ಬೆರಳ ಸಂದು, ಉಗುರು, ಮೊಣಕೈವರೆಗೆ ಉಜ್ಜಿದರು.

“ಸಾಕು ಬನ್ನಿ ರೀ” ಎಂದೆ.

“ಬಂದೆ, ಇನ್ನೊಂದ್ಸಲ” ಎಂದರು.

ಆ ಕೈಯಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಬಾಗಿಲು ಹಿಡಿದು ನಿಂತೇ ಇದ್ದೆ. ಅವರು ತೊಳೆಯುತ್ತಲೇ ಇದ್ದರು.